ಪೆಟ್ಟು ತಿಂದ ಗೋಲಿಗೆ ಬೆಲೆಯಿಲ್ಲ

ಹಳೆಯ ಗಾಜಿನ ಗೋಲಿಗಳನ್ನು ಕೊಂಡು ಮಾರುವವರ ಲೆಕ್ಕವೇ ಬೇರೆ. ನೂರೈವತ್ತು ವರ್ಷಗಳ ಹಿಂದೆ ಯಾವುದೋ ಮಗುವಿಗೆಂದು ಮಾಡಿದ ಗೋಲಿಯೊಂದು ಆ ಮಗುವಿನ ಕೈಗೆ ಸಿಗದೆ, ಮಣ್ಣಿಗೆ ಬೀಳದೆ, ಇನ್ನೊಂದು ಗೋಲಿಯ ಏಟು ತಿನ್ನದೆ ಪೆಟ್ಟಿಗೆಯ ಮೂಲೆಯಲ್ಲಿ ಉಳಿದುಹೋಗಿದ್ದರೆ ಹರಾಜಿನಲ್ಲಿ ಅದಕ್ಕೆ ನಾ ಮುಂದು ತಾ ಮುಂದು ಎನ್ನುತ್ತಾರೆ. ಅದರ ಒಡಹುಟ್ಟಿದ್ದು, ಅದೇ ಕುಲುಮೆಯಿಂದ ಅದೇ ದಿನ ಹೊರಬಿದ್ದದ್ದು, ಬೀದಿಗಿಳಿದು ಗೆದ್ದು ಸೋತು ಹತ್ತು ಜೇಬು ಸುತ್ತಿ ಬಂದಿದ್ದರೆ ಕೇಳುವವರಿಲ್ಲ. ಗೋಲಿಗೆ ಗೋಲಿ ಬಡಿದಾಗ ಗಾಜಿನ ಮೈಯೊಳಗೆ ಅರ್ಧಚಂದ್ರದ ಆಕಾರದ ಸಣ್ಣ ಬಿರುಕು ಮೂಡುತ್ತದಲ್ಲ, ಅದನ್ನು ಅವರು ಚಂದ್ರ ಎಂದೇ ಕರೆಯುತ್ತಾರೆ. ಒಂದೊಂದು ಚಂದ್ರಕ್ಕೂ ಇಷ್ಟಿಷ್ಟು ಎಂದು ಬೆಲೆ ಇಳಿಯುತ್ತದೆ.

ನಾವು ಬೆಳೆದ ಬೀದಿಯಲ್ಲಿ ಇದು ತಿರುಗುಮುರುಗು. ಚಂದ್ರವಿಲ್ಲದ ಗೋಲಿ ಎಂದರೆ ಇನ್ನೂ ಯಾರನ್ನೂ ಹೊಡೆಯದ ಗೋಲಿ, ಅದರ ಮೇಲೆ ಯಾರಿಗೂ ನಂಬಿಕೆಯಿಲ್ಲ. ಪಂದ್ಯಕ್ಕೆ ಕೂತವನು ಜೇಬಿನಿಂದ ತೆಗೆಯುತ್ತಿದ್ದದ್ದು ಮೈಯೆಲ್ಲ ತರಚಿದ, ಒಳಗಿನ ಬಣ್ಣ ಮಸುಕಾಗಿ ಕಾಣುವ, ಹಿಡಿದರೆ ಬೆರಳಿಗೆ ಜಾರದ ಒಂದು ಹಳೇ ಗೋಲಿಯನ್ನು. ಅದನ್ನು ಅವನು ಹತ್ತು ಹೊಸ ಗೋಲಿ ಕೊಡುತ್ತೇನೆಂದರೂ ಬದಲಿಗೆ ಕೊಡುತ್ತಿರಲಿಲ್ಲ. ಸೋತಾಗ ಬೇರೆ ಗೋಲಿ ತೆತ್ತು ಇದನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದ.

ಎಪ್ಪತ್ತರ ದಶಕದ ತುಮಕೂರು ಸೀಮೆಯ ಹೋಬಳಿ ಊರು. ಪೆಟ್ಟಿಗೆ ಅಂಗಡಿಯಲ್ಲಿ ಕಡಲೆಮಿಠಾಯಿ, ಬತ್ತಾಸು, ಪೆಪ್ಪರಮಿಂಟಿನ ಭರಣಿಗಳ ಸಾಲಿನ ಕೊನೆಗೆ ಗೋಲಿಯ ಭರಣಿ. ಮುಚ್ಚಳ ತೆಗೆಸಿ ಕೈ ಇಳಿಬಿಟ್ಟು ಒಂದೊಂದನ್ನೇ ಮೇಲೆತ್ತಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ಆಯುತ್ತಿದ್ದೆವು. "ಯಾವ್ದಾದ್ರೇನ್ಲಾ, ಎಲ್ಲಾ ಒಂದೇಯ, ತಗಂಡು ನಡಿ" ಎಂದು ಅಂಗಡಿಯವರು ಗದರುವರು. ಎಲ್ಲಾ ಒಂದೇ ಆಗಿರಲಿಲ್ಲ. ಒಂದರಲ್ಲಿ ಹಳದಿ ಎಸಳು ಮಧ್ಯಕ್ಕೆ ಸರಿಯಾಗಿ ಕೂತಿರುವುದು, ಇನ್ನೊಂದರಲ್ಲಿ ಒಂದು ಪಕ್ಕಕ್ಕೆ ವಾಲಿರುವುದು. ಕೆಲವು ಪೂರಾ ದುಂಡಗಿರದೆ ಉರುಳುವಾಗ ಓಲಾಡುವುವು. ಕೆಲವುಗಳೊಳಗೆ ಗುಳ್ಳೆ. ಗುಳ್ಳೆಯಿದ್ದದ್ದು ಬೇಗ ಒಡೆಯುತ್ತದೆಂದು ನಮ್ಮ ನಂಬಿಕೆ. ಓಲಾಡುವುದನ್ನು ತಂಗಿಗೆ ಕೊಟ್ಟುಬಿಡುವುದು.

ಹಿಮ್ಮಡಿ ಊರಿ ಗಿರ್ರನೆ ಒಂದು ಸುತ್ತು ತಿರುಗಿದರೆ ಮಣ್ಣಿನಲ್ಲಿ ಕುಳಿ ತಯಾರು. ಎಡಗೈ ಹೆಬ್ಬೆರಳನ್ನು ನೆಲಕ್ಕೂರಿ, ನಡುಬೆರಳ ತುದಿಗೆ ಗೋಲಿಯನ್ನು ಆನಿಸಿ, ಬಲಗೈಯಿಂದ ಆ ಬೆರಳನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ ಬಿಟ್ಟರೆ ಗೋಲಿ ಗಾಳಿಯಲ್ಲೇ ಹೋಗಿ ಎದುರಾಳಿಯದರ ನೆತ್ತಿಗೆ ಬಡಿಯಬೇಕು. ಟಣ್ ಎನ್ನಬೇಕು. ಇಂಗ್ಲೆಂಡು, ಅಮೆರಿಕದ ಹುಡುಗರು ಹಾಗೆ ಹೊಡೆಯುವವರಲ್ಲ. ಅವರು ಒಂದೇ ಕೈಯ ಗೆಣ್ಣುಗಳನ್ನು ನೆಲಕ್ಕೆ ಮುಟ್ಟಿಸಿ, ಬಾಗಿಸಿದ ತೋರುಬೆರಳ ಸಂದಿಯಿಂದ ಹೆಬ್ಬೆರಳಲ್ಲಿ ಗೋಲಿಯನ್ನು ಚಿಮ್ಮಿಸುತ್ತಾರೆ. ಅವರದು ನಾಜೂಕು, ನಮ್ಮದು ಏಟು. ನಮ್ಮ ಗೋಲಿಗಳು ಬಹುಬೇಗ ಸವೆದು ಮುಕ್ಕಾಗಿ ಕಾಣೆಯಾದದ್ದಕ್ಕೆ ಈ ಹೊಡೆತವೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಸೋತವನು ಮುಷ್ಟಿ ಕಟ್ಟಿ ಕುಳಿಯ ಹತ್ತಿರ ಇಟ್ಟರೆ ಗೆದ್ದವನು ದೂರದಿಂದ ಗುರಿಯಿಟ್ಟು ಗೆಣ್ಣಿಗೆ ಹೊಡೆಯುವ ಶಿಕ್ಷೆಯೂ ಇತ್ತು. ಚಳಿಗಾಲದ ಬೆಳಗ್ಗೆ ಬಿದ್ದ ಆ ಏಟಿನ ಉರಿ ಮಧ್ಯಾಹ್ನ ಬರೆಯುವ ಹೊತ್ತಿಗೂ ಇರುತ್ತಿತ್ತು. ಗೋಲಿಗೆ ಕಾಸಿಲ್ಲದ ದಿನ ಬೇಲಿಯ ಗಜ್ಜುಗವೇ ಗೋಲಿ. ಅದೂ ಬೇಸರವಾದರೆ ಅದೇ ಗಜ್ಜುಗವನ್ನು ಕಲ್ಲಿಗೆ ಉಜ್ಜಿ ಬಿಸಿ ಮಾಡಿ ಪಕ್ಕದವನ ತೊಡೆಗೆ ಮುಟ್ಟಿಸಿ ಓಡುವುದು.

ಗೋಲಿಗೆ ಊರು, ವಂಶ, ತಯಾರಿಸಿದವರ ಹೆಸರು ಇರುತ್ತದೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ. ಹಳೆಯ ಸಾಮಾನು ಮಾರುವ ಒಂದು ದೊಡ್ಡ ಮಳಿಗೆಯ ಒಳಗೆ ವಯಸ್ಸಾದ ಒಬ್ಬರು ಬರೀ ಗೋಲಿಗಳನ್ನಿಟ್ಟುಕೊಂಡು ಕೂತಿದ್ದರು. ಕೈಯಲ್ಲಿ ಗಡಿಯಾರ ರಿಪೇರಿಯವರು ಕಣ್ಣಿಗೆ ಹಿಡಿಯುವಂಥ ಸಣ್ಣ ಭೂತಗನ್ನಡಿ, ಪಕ್ಕದಲ್ಲಿ ಪುಟ್ಟ ಟಾರ್ಚು. ಒಂದು ಗೋಲಿಯನ್ನೆತ್ತಿ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಅಂಗಡಿಯ ಭರಣಿಯ ಮುಂದೆ ನಾವು ಮಾಡುತ್ತಿದ್ದದ್ದೂ ಅದನ್ನೇ ಆದ್ದರಿಂದ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಒಹಾಯೊದವರಿಗೆ ಗೋಲಿಯ ಹುಚ್ಚು ಇರುವುದಕ್ಕೆ ಕಾರಣವಿದೆ, ಅದಕ್ಕೆ ಬರುತ್ತೇನೆ. ಅವರು ಮೊದಲು ಹೇಳಿದ್ದು ಜರ್ಮನಿಯ ಕಥೆ.

ಜರ್ಮನಿಯ ತುರಿಂಗಿಯಾ ಕಾಡುಗುಡ್ಡಗಳ ನಡುವೆ ಲೌಷಾ ಎಂಬ ಊರಿದೆ. 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಹೂಡಿದರು. ಮರಳು ಹತ್ತಿರದಲ್ಲೇ, ಉರಿಸಲು ಕಾಡಿನ ಸೌದೆ. ಕ್ರಿಸ್ಮಸ್ ಮರಕ್ಕೆ ತೂಗುಬಿಡುವ ಗಾಜಿನ ಗುಂಡುಗಳು ಹುಟ್ಟಿದ್ದು ಈ ಊರಿನಲ್ಲೇ. ಕಣ್ಣು ಕಳೆದುಕೊಂಡವರಿಗೆ ಗಾಜಿನ ಕೃತಕ ಕಣ್ಣು ಮಾಡುವ ಕಸುಬೂ ಇಲ್ಲಿ ಬೆಳೆಯಿತು. 1840ರ ದಶಕದಲ್ಲಿ ಅಲ್ಲಿನ ಕುಲುಮೆಯವರು ಗೋಲಿಗೆಂದೇ ಒಂದು ಕತ್ತರಿ ಕಂಡುಹಿಡಿದರು. ಅದರ ಒಂದು ತುದಿಯಲ್ಲಿ ಅಲಗು, ಇನ್ನೊಂದರಲ್ಲಿ ಪುಟ್ಟ ಬಟ್ಟಲು. ಬಣ್ಣದ ಎಳೆಗಳನ್ನು ಒಳಗಿಟ್ಟು ಎಳೆದ ಗಾಜಿನ ಕೋಲನ್ನು ಕಾಯಿಸಿ, ತುದಿಯನ್ನು ಬಟ್ಟಲಿಗೆ ಕೊಟ್ಟು ತಿರುಚಿ ಕತ್ತರಿಸಿದರೆ ಒಂದು ಗೋಲಿ. ಒಳಗಿನ ಎಳೆಗಳು ಸುರುಳಿಯಾಗುವುದು ಈ ತಿರುಚುವಿಕೆಯಿಂದ.

ಹಳೆಯ ಗೋಲಿಯನ್ನು ಗುರುತು ಹಿಡಿಯುವ ಮೊದಲ ಪಾಠ ಈ ಕತ್ತರಿಯಲ್ಲೇ ಇದೆ. ಕೋಲಿನಿಂದ ಬೇರ್ಪಟ್ಟ ಜಾಗದಲ್ಲಿ ಗಾಜು ಒರಟಾಗಿ ಉಳಿಯುತ್ತದೆ. ಅದನ್ನು ಪಾಂಟಿಲ್ ಗುರುತು ಎನ್ನುತ್ತಾರೆ. ಕೋಲಿನ ನಡುವಿನಿಂದ ಕತ್ತರಿಸಿದ್ದಾದರೆ ಎರಡು ಧ್ರುವಗಳಲ್ಲೂ ಗುರುತು, ಕೋಲಿನ ಕೊನೆಯ ತುಂಡಾದರೆ ಅಥವಾ ಒಂದೊಂದಾಗಿ ಮಾಡಿದ್ದಾದರೆ ಒಂದರಲ್ಲಿ ಮಾತ್ರ. ಕಣ್ಣಿಗಿಂತ ಬೆರಳಿಗೆ ಅದು ಬೇಗ ಸಿಗುತ್ತದೆ. ಗೋಲಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ನಿಧಾನವಾಗಿ ಹೊರಳಿಸಿದರೆ ಎಲ್ಲೋ ಒಂದು ಕಡೆ ತಡೆಯುತ್ತದೆ, ಅಲ್ಲೇ ಮನುಷ್ಯನ ಕೈ ಆ ಗೋಲಿಯನ್ನು ಬಿಟ್ಟದ್ದು. ಯಂತ್ರದ ಗೋಲಿಯಲ್ಲಿ ಈ ತಡೆ ಇಲ್ಲ. ಗುಳ್ಳೆ ಇದೆ, ಆದ್ದರಿಂದ ಹಳೆಯದು ಎನ್ನುವವರ ಮಾತು ನಂಬಬಾರದು, ಗುಳ್ಳೆ ಯಂತ್ರದ ಗೋಲಿಯಲ್ಲೂ ಇರುತ್ತದೆ. ಮೇಲ್ಮೈಯನ್ನು ಉಜ್ಜಿ ಪಾಲಿಶ್ ಮಾಡಿಸಿದ ಗೋಲಿಯಲ್ಲಿ ಪಾಂಟಿಲ್ ಗುರುತೂ ಅಳಿಸಿಹೋಗುತ್ತದೆ. ಗಾಯ ಮುಚ್ಚಲು ಹೋಗಿ ಹುಟ್ಟುಗುರುತನ್ನೇ ಕಳೆದುಕೊಂಡ ಅಂಥ ಗೋಲಿಗಳು ಮಾರುಕಟ್ಟೆಯಲ್ಲಿ ಬಹಳ ಇವೆ.

ಎರಡನೆಯದು ಒಳಗಿನ ವಿನ್ಯಾಸ. ನಡುವೆ ಬಲೆಯಂತೆ ಹೆಣೆದ ಸಣ್ಣ ಎಳೆಗಳು, ಸುತ್ತ ಬಣ್ಣದ ಪಟ್ಟಿಗಳು ಇದ್ದರೆ ಅದು ಲ್ಯಾಟಿಚೀನಿಯೊ. ಬಲೆ ಬಿಳಿಯಾಗಿದ್ದರೆ ಸಾಮಾನ್ಯ, ಹಳದಿ ಅದಕ್ಕಿಂತ ಕಡಿಮೆ, ಕೆಂಪು ಮತ್ತು ನೀಲಿ ಬಲೆ ಬಲು ಅಪರೂಪ. ನಡುವಿನ ತಿರುಳು ಮೂರು ನಾಲ್ಕು ಪಟ್ಟಿಗಳಾಗಿ ಸೀಳಿದ್ದು ಒಂದು ಬಗೆ, ಒಂದೇ ಅಗಲ ರಿಬ್ಬನ್ನಾಗಿ ತಿರುಗಿದ್ದು ಇನ್ನೊಂದು. ಮೇಲ್ಮೈಯ ಅಡಿಯಲ್ಲೇ ಚುಕ್ಕೆಚುಕ್ಕೆಯಾಗಿ ಬಣ್ಣ ಹರಡಿ ತೆಳುವಾಗಿ ಹೊದ್ದಿದ್ದರೆ ಈರುಳ್ಳಿ ಸಿಪ್ಪೆ. ಅಭ್ರಕದ ಚೂರು ಮಿನುಗುವ ಗೋಲಿಗಳಿವೆ. ಕಪ್ಪು ಗಾಜಿನ ಮೈಮೇಲೆ ಬಣ್ಣದ ಗೀಟು ಎಳೆದ ಒಂದನ್ನು ಆ ಮುದುಕರು ನನ್ನ ಅಂಗೈಗಿಟ್ಟು, ಇದಕ್ಕೆ ನಾವು ಇಂಡಿಯನ್ ಅನ್ನುತ್ತೇವೆ ಎಂದು ನಕ್ಕರು. ಅದೂ ಜರ್ಮನಿಯದೇ.

ಚಿನ್ನದ ಪುಡಿ ಸುರಿದಂತೆ ಹೊಳೆಯುವ ಲುಟ್ಜ್ ಎಂಬ ಜಾತಿಗೆ ಬೇಡಿಕೆ ಹೆಚ್ಚು. ಅದರಲ್ಲಿರುವುದು ಚಿನ್ನವಲ್ಲ, ಗಾಜಿನೊಳಗೆ ಹರಳುಗಟ್ಟಿದ ತಾಮ್ರ. ಮ್ಯಾಸಚೂಸೆಟ್ಸಿನ ಸ್ಯಾಂಡ್‌ವಿಚ್ ಎಂಬ ಊರಿನ ಗಾಜಿನ ಕಾರ್ಖಾನೆಯಲ್ಲಿದ್ದ ನಿಕೋಲಸ್ ಲುಟ್ಜ್ ಎಂಬ ಫ್ರೆಂಚ್ ಕುಶಲಕರ್ಮಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಗೋಲಿಗಳು ಮಾತ್ರ ಜರ್ಮನ್ ಕುಲುಮೆಯವು. ಇನ್ನು ಸಲ್ಫೈಡ್. ಬಣ್ಣವಿಲ್ಲದ ದೊಡ್ಡ ಗೋಲಿಯ ಹೊಟ್ಟೆಯಲ್ಲಿ ಬಿಳಿಯ ನಾಯಿಯೋ ಸಿಂಹವೋ ಹಕ್ಕಿಯೋ ಕೂತಿರುತ್ತದೆ. ಗೊಂಬೆಯ ಸುತ್ತ ಉಳಿದ ತೆಳು ಗಾಳಿಯ ಪದರದಿಂದ ಅದು ಬೆಳ್ಳಿಯದೆಂಬಂತೆ ಕಾಣುತ್ತದೆ. ಪ್ರಾಣಿಗಳು ಹೆಚ್ಚು, ಮನುಷ್ಯರು ಕಡಿಮೆ, ಬಣ್ಣದ ಗಾಜಿನೊಳಗಿನ ಗೊಂಬೆ ಇನ್ನೂ ಕಡಿಮೆ. ಸಂಗ್ರಹಿಸುವವರು ಸಲ್ಫೈಡಿಗೆ ಪ್ರಾಣ ಬಿಡುತ್ತಾರೆ. ನನಗೆ ಅದು ರುಚಿಸಲಿಲ್ಲ. ಅದನ್ನು ನೆಲಕ್ಕಿಟ್ಟು ಹೊಡೆಯುವ ಧೈರ್ಯ ಯಾವ ಹುಡುಗನಿಗೆ ಬಂದೀತು? ಶೋಕೇಸಿಗೆಂದೇ ಹುಟ್ಟಿದ ಗೋಲಿ ಅದು.

ಮೊದಲ ಮಹಾಯುದ್ಧ ಬಂದು ಜರ್ಮನಿಯ ಗೋಲಿ ಅಮೆರಿಕಕ್ಕೆ ಹಡಗೇರುವುದು ನಿಂತಿತು. ಆ ಹೊತ್ತಿಗೆ ಒಹಾಯೊದ ಆಕ್ರನ್ ಸಿದ್ಧವಾಗಿತ್ತು. ಟೈರಿನ ಊರೆಂದು ಹೆಸರಾದ ಆಕ್ರನ್ ಅದಕ್ಕೂ ಮುಂಚೆ ಗೋಲಿಯ ಊರು. 1880ರ ದಶಕದಲ್ಲೇ ಸ್ಯಾಮ್ಯುಯಲ್ ಡೈಕ್ ಎಂಬಾತ ಅಲ್ಲಿ ಜೇಡಿಮಣ್ಣಿನ ಗೋಲಿಗಳನ್ನು ಲಕ್ಷಗಟ್ಟಲೆ ಮಾಡಿ ಮಾರುತ್ತಿದ್ದ. ಮಣ್ಣಿನದು ಅಗ್ಗವಾಗಿದ್ದರಿಂದ ಬಡವರ ಮಕ್ಕಳಿಗೂ ಅಂಗಡಿಯಲ್ಲಿ ಕೊಂಡ ಗೋಲಿ ಸಿಕ್ಕಿತು. ಅದೇ ಊರಿನ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್ಸನ್ ಉಕ್ಕಿನ ಬೇರಿಂಗ್ ಗುಂಡು ಮಾಡುವ ವಿದ್ಯೆ ಬಲ್ಲವನು. ಉಕ್ಕು ದುಂಡಗಾಗುವ ರೀತಿಯಲ್ಲೇ ಗಾಜನ್ನೂ ದುಂಡಗೆ ಮಾಡಬಹುದೆಂದು ಹೊಳೆದು ಯಂತ್ರ ಕಟ್ಟಿ 1905ರಲ್ಲಿ ಪೇಟೆಂಟ್ ಪಡೆದ. ಆಳು ಕಬ್ಬಿಣದ ಕೋಲಿನ ತುದಿಗೆ ಕರಗಿದ ಗಾಜನ್ನು ಸುತ್ತಿ ತಂದು ಯಂತ್ರದ ಮೇಲೆ ಇಳಿಬಿಡುವುದು, ಯಂತ್ರ ಅದನ್ನು ಉರುಳಿಸಿ ಗುಂಡಗೆ ಮಾಡುವುದು. ಅರ್ಧ ಕೈ, ಅರ್ಧ ಯಂತ್ರ. ಹಾಗೆ ಸುತ್ತಿ ಬಿಡುವಾಗ ಬಿಳಿಯ ಗೀಟು ಗೋಲಿಯ ತಲೆಯ ಮೇಲೆ ಇಂಗ್ಲಿಷಿನ 9ರ ಆಕಾರ ತಾಳುತ್ತಿತ್ತು. ಅದರ ಬಾಲ ಗೋಲಿಯ ಬೆನ್ನಿನ ಮೇಲೆ ಹರಿದು ಇನ್ನೊಂದು ತುದಿಯಲ್ಲಿ ನಿಲ್ಲುತ್ತಿತ್ತು. ಗೋಲಿ ಬಲ್ಲವರು ಇವತ್ತಿಗೂ ಮೊದಲು ಹುಡುಕುವುದು ಈ ಒಂಬತ್ತನ್ನು. ನನಗೆ ಮೆಚ್ಚುಗೆಯಾದದ್ದೂ ಇದೇ. ಹೆಸರಿಲ್ಲದ ಒಬ್ಬ ಕೆಲಸಗಾರನ ಮಣಿಕಟ್ಟಿನ ತಿರುವು ಗಾಜಿನಲ್ಲಿ ಉಳಿದುಬಿಟ್ಟಿದೆ. ಯುದ್ಧಕಾಲದಲ್ಲಿ ಅನಿಲ ಸಿಗದೆ 1917ರಲ್ಲಿ ಆ ಕಾರ್ಖಾನೆ ನಿಂತಿತು.

ಆಮೇಲಿನದು ಪೂರಾ ಯಂತ್ರದ ಕಾಲ. ಆಕ್ರನ್ನಿನಲ್ಲೇ ಹುಟ್ಟಿದ ಆಕ್ರೋ ಅಗೇಟ್ ಕಂಪನಿ 1914ರಲ್ಲಿ ಪಕ್ಕದ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಯಿತು. ಅಲ್ಲಿ ಅನಿಲ ಅಗ್ಗ, ಗಾಜಿಗೆ ಒಳ್ಳೆಯ ಮರಳು. ಎರಡು ಮೂರು ಬಣ್ಣದ ಪಟ್ಟಿಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಸುರುಳಿ ಸುತ್ತಿ ಹೋಗುತ್ತವೆ, ಎಲ್ಲೂ ಒಂದನ್ನೊಂದು ದಾಟುವುದಿಲ್ಲ ಎಂದಾದರೆ ಅದು ಆಕ್ರೋದವರ ಕಾರ್ಕ್‌ಸ್ಕ್ರೂ. ಇಲಿನಾಯ್ಸ್‌ನ ಒಟ್ಟಾವಾದಲ್ಲಿದ್ದ ಪೆಲ್ಟಿಯರ್ ಕಾರ್ಖಾನೆಯವರು ಪತ್ರಿಕೆಗಳ ವ್ಯಂಗ್ಯಚಿತ್ರದ ಪಾತ್ರಗಳ ಮುಖಗಳನ್ನು ಗೋಲಿಯ ಮೇಲೆ ಅಚ್ಚು ಹಾಕಿ ಮಾರಿದರು. ಇದರ ನಕಲಿ ಈಗ ಧಾರಾಳ, ಹೊಸ ಚಿತ್ರ ಅಂಟಿಸಿ ಹಳೆಯದೆಂದು ಸಾಗಹಾಕುವವರಿದ್ದಾರೆ. ಒಹಾಯೊದ ಕೇಂಬ್ರಿಜ್‌ನಲ್ಲಿದ್ದ ಇನ್ನೊಂದು ಕ್ರಿಸ್ಟೆನ್ಸನ್ ಅಗೇಟ್ ಕಂಪನಿ ಮುಚ್ಚಿದ್ದು 1933ರಲ್ಲಿ, ಬಾಳಿದ್ದು ಹತ್ತು ವರ್ಷವೂ ಇಲ್ಲ. ಅದರ ಚುಕ್ಕೆಚುಕ್ಕೆಯ ಗಿನಿ ಮತ್ತು ಬೆಂಕಿಯ ನಾಲಗೆಗಳಂಥ ಫ್ಲೇಮ್ ಗೋಲಿಗಳೇ ಯಂತ್ರದ ಗೋಲಿಗಳಲ್ಲೆಲ್ಲ ದುಬಾರಿ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಕೆಲವು ಹಳೆಯ ಗೋಲಿಗಳು ಹಸಿರಾಗಿ ಬೆಳಗುತ್ತವೆ, ಗಾಜಿಗೆ ಬಣ್ಣಕ್ಕೆಂದು ಬೆರೆಸಿದ ಯುರೇನಿಯಂನಿಂದ. ಮಕ್ಕಳ ಜೇಬಿನಲ್ಲಿ ಯುರೇನಿಯಂ ಇತ್ತೆಂದರೆ ಈಗಿನ ತಾಯಂದಿರು ಮೂರ್ಛೆ ಹೋದಾರು. ಪ್ರಮಾಣ ತೀರಾ ಕಡಿಮೆ, ಭಯ ಬೇಡ.

1950ರ ಸುಮಾರಿಗೆ ಜಪಾನಿನವರು ಪಾರದರ್ಶಕ ಗಾಜಿನ ನಡುವೆ ಬಣ್ಣದ ಎಸಳುಗಳನ್ನು ನಿಲ್ಲಿಸಿದ ಗೋಲಿ ಮಾಡಿದರು. ಬೆಕ್ಕಿನ ಕಣ್ಣು ಎಂದು ಅದಕ್ಕೆ ಹೆಸರಾಯಿತು. ಅಮೆರಿಕದ ಮಕ್ಕಳು ಅದಕ್ಕೆ ಮುಗಿಬಿದ್ದರು, ಹಳೆಯ ಸುರುಳಿ ಗೋಲಿಗಳನ್ನು ಕೇಳುವವರಿಲ್ಲದಾಯಿತು. ಆಕ್ರೋ 1951ರಲ್ಲಿ ಬಾಗಿಲು ಹಾಕಿತು. ಉಳಿದವರು ತಾವೂ ಬೆಕ್ಕಿನ ಕಣ್ಣು ಮಾಡಲು ಕಲಿತು ಬದುಕಿಕೊಂಡರು. ಅಮೆರಿಕದ್ದು ಯಾವುದು, ಹೊರಗಿನದು ಯಾವುದು ಎಂದು ತಿಳಿಯುವುದು ಸುಲಭ ಎಂದು ಆ ಮುದುಕರು ಎರಡನ್ನೂ ಬಿಳಿಯ ಹಾಳೆಯ ಮೇಲಿಟ್ಟರು. ಒಂದರ ಗಾಜು ನೀರಿನಷ್ಟು ತಿಳಿ. ಇನ್ನೊಂದಕ್ಕೆ ಬಾಟಲಿಯ ತಳದಲ್ಲಿ ಕಾಣುವ ತಿಳಿ ಹಸಿರು. ಮರಳಿನಲ್ಲಿರುವ ಕಬ್ಬಿಣದ ಅಂಶ ತೆಗೆಯದೆ ಬಿಟ್ಟರೆ ಗಾಜು ಆ ಬಣ್ಣಕ್ಕೆ ತಿರುಗುತ್ತದೆ. "ಹಸಿರು ಇದ್ದರೆ ಹೊರಗಿನದು. ಬೆಲೆಯಿಲ್ಲ" ಎಂದು ಅದನ್ನು ಬದಿಗೆ ಸರಿಸಿದರು.

ನಾನು ಅದನ್ನು ಮತ್ತೆ ಎತ್ತಿಕೊಂಡೆ. ತಿಳಿ ಹಸಿರು ಗಾಜು, ನಡುವೆ ಹಳದಿ ಎಸಳು ಸ್ವಲ್ಪ ವಾಲಿಕೊಂಡು. ನಮ್ಮ ಪೆಟ್ಟಿಗೆ ಅಂಗಡಿಯ ಭರಣಿಯಲ್ಲಿದ್ದದ್ದು ಇದೇ ಜಾತಿ. ಹುಡುಗರಾಗಿ ನಾವು ಬಿಸಿಲಿಗೆ ಹಿಡಿದು ಗಂಟೆಗಟ್ಟಲೆ ಆಯ್ದದ್ದೆಲ್ಲವೂ ಇವರ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಹೊರಗಿನದು, ಸಾಮಾನ್ಯ. ಆಕ್ರೋದ ಒಂದೊಂದು ಸುರುಳಿಗೂ ಪುಟಗಟ್ಟಲೆ ಬರೆದಿರುವ ಆ ಕೈಪಿಡಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರ ಊರಿನದನ್ನು ಅವರು ಬರೆದುಕೊಂಡಿದ್ದಾರೆ. ಮುಚ್ಚಿದ ಕಾರ್ಖಾನೆಯ ತಿಪ್ಪೆ ಅಗೆದು ಒಡೆದ ಗೋಲಿಯ ಚೂರು ಹೆಕ್ಕಿ, ಇದು ಇಂಥವರದೇ ಎಂದು ಸಾಬೀತು ಮಾಡಿದವರು ಅವರು. ನಾವು ಬರೆಯಲಿಲ್ಲ, ಅದು ನಮ್ಮ ತಪ್ಪು. ಫಿರೋಜಾಬಾದಿನ ಗಾಜಿನ ಬಳೆಯ ಬಗ್ಗೆ ಬರೆದಷ್ಟರಲ್ಲಿ ಹತ್ತರಲ್ಲೊಂದು ಪಾಲನ್ನೂ ಗೋಲಿಯ ಬಗ್ಗೆ ಯಾರೂ ಬರೆದಂತಿಲ್ಲ. ಬಳೆ ತೊಟ್ಟವರು ದೊಡ್ಡವರು, ಗೋಲಿ ಆಡಿದವರು ಮಕ್ಕಳು ಎಂಬುದೊಂದೇ ಕಾರಣವಿರಬೇಕು.

ನಮ್ಮ ಬೀದಿಯಲ್ಲಿ ಎಲ್ಲಕ್ಕಿಂತ ಮೇಲು ಎನಿಸಿಕೊಂಡಿದ್ದ ಗೋಲಿಯನ್ನು ಆ ಮುದುಕರಿಗೆ ತೋರಿಸಿದ್ದರೆ ಇನ್ನಷ್ಟು ನಗುತ್ತಿದ್ದರೋ ಏನೋ. ಅದು ಸೋಡಾ ಗೋಲಿ. ಒಳಗೆ ಬಣ್ಣವಿಲ್ಲ, ಎಸಳಿಲ್ಲ, ಬರೀ ಹಸಿರು ಗಾಜಿನ ಗುಂಡು, ಮಾಮೂಲಿಗಿಂತ ತುಸು ದಪ್ಪ. ಹಿರಾಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದ ಮೊದಲ ವರ್ಷಗಳಲ್ಲಿ ಪೇಟೆಂಟ್ ಪಡೆದ ಬಾಟಲಿಯದು ಅದು. ಬಾಯಿಯ ಒಳಗೆ ರಬ್ಬರಿನ ಬಳೆ, ಕತ್ತಿನಲ್ಲಿ ಗೋಲಿ. ಗ್ಯಾಸು ತುಂಬಿ ತಲೆಕೆಳಗು ಮಾಡಿದರೆ ಒಳಗಿನ ಒತ್ತಡವೇ ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ, ಬೇರೆ ಮುಚ್ಚಳ ಬೇಡ. ಹೆಬ್ಬೆರಳಿನಿಂದಲೋ ಮರದ ಮೊಳೆಯಿಂದಲೋ ಗುದ್ದಿದರೆ ಕೀಚ್ ಎಂದು ಒಳಗೆ ಬೀಳುತ್ತದೆ. ಕುಡಿಯುವಾಗ ಮತ್ತೆ ಬಾಯಿಗೆ ಅಡ್ಡ ಬರದಂತೆ ಕತ್ತಿನಲ್ಲಿ ಎರಡು ತಗ್ಗು. ಆ ತಗ್ಗುಗಳಿಗೆ ಗೋಲಿ ಕೂರುವ ಹಾಗೆ ಬಾಟಲಿ ಹಿಡಿಯಲು ಬಾರದವನು ಸೋಡಾ ಕುಡಿಯಲು ಬಾರದವನು. ಇಂಗ್ಲೆಂಡಿನ ಹುಡುಗರೂ ಗೋಲಿಗಾಗಿ ಈ ಬಾಟಲಿಗಳನ್ನು ಒಡೆಯುತ್ತಿದ್ದರು, ಕತ್ತು ಮುರಿಯದ ಹಳೆಯ ಬಾಟಲಿ ಅಲ್ಲಿ ಸಿಗುವುದು ಕಷ್ಟವಾಗಲು ಅದೂ ಕಾರಣ. ನಮ್ಮಲ್ಲಿ ಜಾತ್ರೆ ಮುಗಿದ ಮಾರನೆಯ ದಿನ ಸೋಡಾ ಅಂಗಡಿ ಹಾಕಿದ್ದ ಜಾಗವನ್ನು ನಾವು ಕಾಲಲ್ಲಿ ಕೆದಕುತ್ತಿದ್ದೆವು. ಒಡೆದ ಗಾಜಿನ ನಡುವೆ ಗೋಲಿ ಸಿಕ್ಕವನು ಆ ವಾರದ ರಾಜ.

ಇಂಗ್ಲೆಂಡು ಬಿಟ್ಟ ಮೇಲೂ ಆ ಬಾಟಲಿಯನ್ನು ಉಳಿಸಿಕೊಂಡದ್ದು ಭಾರತ ಮತ್ತು ಜಪಾನ್. ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಸಾಸನಿಯಲ್ಲಿ ಅದನ್ನು ಮಾಡುವ ಗಾಜಿನ ಕಾರ್ಖಾನೆ ನಡೆದು ಬಂದಿದೆ. 2025ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಗೋಲಿ ಸೋಡಾ ಈಗ ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಿಗೆ ರಫ್ತಾಗುತ್ತಿದೆ ಎಂದು ಹೆಮ್ಮೆಯಿಂದ ಹೇಳಿತು. ಒಳ್ಳೆಯದೇ. ಮಾಲ್‌ಗಳಲ್ಲೂ ಬಂದಿದೆ, ಬೆಲೆ ನೋಡಿ ನಾನು ಕೆಳಗಿಟ್ಟೆ. ಊರಿನ ಸೋಡಾ ಮಿಷನ್ನು, ಮರದ ಖಾನೆಯ ಪೆಟ್ಟಿಗೆಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಂಗಡಿ ಅಂಗಡಿಗೆ ಹಾಕುತ್ತಿದ್ದ ಸೋಡಾ ಸಾಬರು, ಅವರ ಕೈಯ ಗಾಜಿನ ಗಾಯ, ಇದಾವುದೂ ಆ ರಫ್ತಿನೊಳಗಿಲ್ಲ.

ಗೋಲಿ ಆಟ ಹೋದದ್ದಕ್ಕೆ ಎಲ್ಲರೂ ಮೊಬೈಲನ್ನು ಬೈಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮೊಬೈಲು ಬರುವ ಮುಂಚೆಯೇ ಆಟ ಹೋಗಿತ್ತು. ಹೋದದ್ದು ಮಣ್ಣಿನ ಜೊತೆ. ನಮ್ಮ ಬೀದಿಗೆ ಮೊದಲು ಜಲ್ಲಿ ಬಿತ್ತು, ಆಮೇಲೆ ಡಾಂಬರು, ಆಮೇಲೆ ಎರಡೂ ಕಡೆ ಮನೆಯ ಹೊಸ್ತಿಲು ಮುಟ್ಟುವ ಹಾಗೆ ಕಾಂಕ್ರೀಟು. ಶಾಲೆಯ ಅಂಗಳಕ್ಕೂ ಇಂಟರ್‌ಲಾಕ್ ಇಟ್ಟಿಗೆ. ಹಿಮ್ಮಡಿ ಊರಿ ತಿರುಗಿದರೆ ಚಪ್ಪಲಿ ಸವೆಯುತ್ತದೆಯೇ ವಿನಾ ಕುಳಿ ಬೀಳುವುದಿಲ್ಲ. ಗೋಲಿಯಲ್ಲಿ ಅರ್ಧ ಆಟ ಗಾಜಿನದಾದರೆ ಅರ್ಧ ನೆಲದ್ದು. ಮಳೆ ನಿಂತ ಮೇಲೆ ಗಟ್ಟಿಯಾದ ಕೆಮ್ಮಣ್ಣು, ಎಲ್ಲಿ ಇಳಿಜಾರು, ಎಲ್ಲಿ ಬೇರು, ಎಲ್ಲಿ ಇರುವೆಯ ಗುಡ್ಡೆ ಎಂದು ಒಬ್ಬೊಬ್ಬನಿಗೂ ಗೊತ್ತಿದ್ದ ನೆಲ. ಅಂಥ ನೆಲ ಇಲ್ಲದೆ ಗೋಲಿ ಉರುಳಿಕೊಂಡು ಮೋರಿಗೆ ಹೋಗುತ್ತದೆ.

ಹಾಗೆಂದು ಗೋಲಿ ತಯಾರಿಕೆ ನಿಂತಿಲ್ಲ. ಮೀನಿನ ತೊಟ್ಟಿಯ ತಳಕ್ಕೆ, ಹೂದಾನಿಗೆ, ಹೋಟೆಲಿನ ಕಾರಂಜಿಗೆ ಎಂದು ಜಾಲರಿ ಚೀಲದಲ್ಲಿ ಕಟ್ಟಿ ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಮೆಕ್ಸಿಕೊದ ಕಾರ್ಖಾನೆಗಳು ಜಗತ್ತಿಗೆಲ್ಲ ಹಂಚುತ್ತಿವೆ. ಇಂಗ್ಲೆಂಡಿನ ಟಿನ್ಸ್ಲಿ ಗ್ರೀನ್ ಎಂಬಲ್ಲಿ ಗುಡ್ ಫ್ರೈಡೇ ದಿನ, ಅಮೆರಿಕದ ನ್ಯೂಜೆರ್ಸಿಯ ವೈಲ್ಡ್‌ವುಡ್ ಸಮುದ್ರತೀರದಲ್ಲಿ ಬೇಸಿಗೆಯಲ್ಲಿ ಗೋಲಿಯ ಪಂದ್ಯಾವಳಿಗಳೂ ನಡೆಯುತ್ತವೆ. ವೈಲ್ಡ್‌ವುಡ್ಡಿನದು ಮಕ್ಕಳದ್ದು, ರಾಷ್ಟ್ರಮಟ್ಟದ ಆ ಪಂದ್ಯಕ್ಕೆ ನೂರು ವರ್ಷ ದಾಟಿದೆ. ನಮ್ಮಲ್ಲಿ ಗ್ರಾಮೀಣ ಕ್ರೀಡೋತ್ಸವ ಎಂದು ಬ್ಯಾನರ್ ಕಟ್ಟಿ ಕಬಡ್ಡಿ, ಹಗ್ಗಜಗ್ಗಾಟ, ಮಡಕೆ ಒಡೆಯುವುದು ನಡೆಸುತ್ತಾರೆ. ಗೋಲಿಯನ್ನು ಅಲ್ಲಿಗೆ ಕರೆದವರನ್ನು ನಾನು ಕಾಣೆ. ಪೋಲಿ ಹುಡುಗರ ಆಟ ಎಂಬ ಹಳೆಯ ಕೆಟ್ಟ ಹೆಸರು ಇನ್ನೂ ಕಳೆದಿಲ್ಲ. ಮೇಷ್ಟರು ಜೇಬು ತಡಕಿ ಗೋಲಿ ಕಿತ್ತು ಕಿಟಕಿಯಿಂದಾಚೆ ಎಸೆಯುತ್ತಿದ್ದ ಕಾಲದ ಹೆಸರದು. ಅಳಿಗುಳಿಮಣೆ, ಚೌಕಾಬಾರಕ್ಕೆ ಈಚೆಗೆ ಸಿಕ್ಕಿರುವ ಮರ್ಯಾದೆ ಗೋಲಿಗೆ ಸಿಗದೆ ಹೋದದ್ದಕ್ಕೆ ಅದು ಪಣವಿಟ್ಟು ಆಡುವ ಆಟ ಎಂಬುದೂ ಕಾರಣ. ಗೆದ್ದರೆ ಎದುರಾಳಿಯ ಗೋಲಿ ನಮ್ಮದು. ಪಣವಿಲ್ಲದೆ ಆಡಿಸಿದರೆ ಅದು ಗೋಲಿಯೂ ಅಲ್ಲ.

ಮೊದಲ ಸಾಲಿನ ಲೆಕ್ಕಕ್ಕೆ ಇನ್ನೊಂದು ಮಾತು ಸೇರಿಸಬೇಕು. ಸಂಗ್ರಹಿಸುವವರು ದುಷ್ಟರೇನಲ್ಲ. ಅವರ ಕಣ್ಣಿಗೆ ಗೋಲಿ ಎಂದರೆ ಗಾಜಿನ ಕಸುಬಿನ ದಾಖಲೆ. ಮೈ ಕೆಡದೆ ಉಳಿದಷ್ಟೂ ದಾಖಲೆ ಸ್ಪಷ್ಟ. ಆ ನ್ಯಾಯ ನನಗೆ ಅರ್ಥವಾಗುತ್ತದೆ. ಆದರೆ ಗೋಲಿಗೆ ಎರಡು ದಾಖಲೆ. ಮಾಡಿದವನದು ಗಾಜಿನ ಒಳಗಿದೆ, ಆಡಿದವನದು ಗಾಜಿನ ಮೇಲಿದೆ. ಮೊದಲನೆಯದನ್ನು ಓದಲು ಭೂತಗನ್ನಡಿ, ಕೈಪಿಡಿ, ನೇರಳಾತೀತ ದೀಪ ಎಲ್ಲ ತಯಾರಾಗಿದೆ. ಎರಡನೆಯದನ್ನು ಓದಬಲ್ಲವರು ಆಡಿದವರು ಮಾತ್ರ, ಅವರಿಗೆಲ್ಲ ಈಗ ಮೊಮ್ಮಕ್ಕಳಿದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಹಳೆಯ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಸಿಕ್ಕಿ ಅಲ್ಲಾಡಿಸಿದಾಗ ಒಳಗೆ ಗೋಲಿ ಸದ್ದಾದರೆ ಗುಜರಿಯವನ ತಕ್ಕಡಿಗೆ ಹಾಕಬೇಡಿ. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಒಂದೊಂದಾಗಿ ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಕುದಿಯುವ ನೀರಿಗೆ ಹಾಕಿದರೆ ಗಾಜು ಸೀಳುತ್ತದೆ. ತಂತಿ ಬ್ರಷ್ ಬೇಡ, ಪಾಲಿಶ್ ಬೇಡ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿಯದೆ ಬಟ್ಟೆಯಲ್ಲಿ ಬೇರೆ ಬೇರೆ ಸುತ್ತಿಡಿ. ಬೆರಳಲ್ಲಿ ಹೊರಳಿಸಿ ನೋಡಿ, ತುದಿಯಲ್ಲಿ ಒರಟು ತಡೆದು ಒಳಗೆ ಸುರುಳಿ ಎಳೆಗಳಿದ್ದರೆ ಅದು ಹಡಗಿನಲ್ಲಿ ಬಂದದ್ದಿರಬಹುದು, ತಿಳಿದವರಿಗೆ ತೋರಿಸಿ. ಹಸಿರು ಗಾಜಿನ ಬೆಕ್ಕಿನ ಕಣ್ಣಾದರೆ ಯಾರಿಗೂ ತೋರಿಸಬೇಕಿಲ್ಲ. ಡಬ್ಬಿಯ ಒಡೆಯರು ಇನ್ನೂ ಬದುಕಿದ್ದರೆ ಅವರನ್ನು ಕೂರಿಸಿ ಕೇಳಿ: ಯಾವ ಊರು, ಯಾವ ಅಂಗಡಿ, ಕಾಸಿಗೆ ಎಷ್ಟು, ನಿಮ್ಮೂರಲ್ಲಿ ಕುಳಿಗೆ ಏನನ್ನುತ್ತಿದ್ದಿರಿ, ಸೋತವನಿಗೆ ಏನು ಶಿಕ್ಷೆ, ಇದರಲ್ಲಿ ಯಾವುದು ನಿಮ್ಮ ಹೊಡೆಯುವ ಗೋಲಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಡಬ್ಬಿಯೊಳಗೇ ಇಡಿ.